ಮೂಸಿಯ ತವರಿಗೆ ಸೈಕಲ್ ದಾರಿ

ಬೆಟ್ಟದ ಮೇಲೆ ಸೈಕಲ್ ತುಳಿಯುವುದೆಂದರೆ ಅದು ಯೂರೋಪಿನ ಆಲ್ಪ್ಸ್ ಕಣಿವೆಗಳಿಗೆ ಮೀಸಲಾದ ವಿನೋದವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆಗೆ ಕಾರಣವಿಲ್ಲದೆ ಇಲ್ಲ. ಸ್ವಿಟ್ಜರ್ಲೆಂಡ್, ಆಸ್ಟ್ರಿಯ ಮುಂತಾದ ದೇಶಗಳಲ್ಲಿ ಚಳಿಗಾಲದಲ್ಲಿ ಹಿಮದ ಮೇಲೆ ಜಾರಾಡುವವರನ್ನು ಹೊತ್ತೊಯ್ಯುವ ತಂತಿದಾರಿಯ ತೊಟ್ಟಿಲುಗಳೇ ಬೇಸಗೆಯಲ್ಲಿ ಸೈಕಲ್ಲುಗಳನ್ನು ಬೆಟ್ಟದ ನೆತ್ತಿಗೆ ಮುಟ್ಟಿಸುತ್ತವೆ. ಕವಲು ಒಡೆಯುವಲ್ಲಿ ದಾರಿ ತೋರಿಸಲು ಕೈಮರಗಳಿರುತ್ತವೆ. ದಪ್ಪ ಟಯರಿನ ಬೆಟ್ಟದ ಸೈಕಲ್ಲು ಮಾತ್ರ ಹುಟ್ಟಿದ್ದು ಅಲ್ಲಿಯಲ್ಲ; 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಹಳೆಯ ಸೈಕಲ್ಲುಗಳನ್ನು ಬಿಚ್ಚಿ ಕಟ್ಟಿ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದ ಉತ್ಸಾಹಿ ತರುಣರ ಕೈಯಲ್ಲಿ.

ಇದನ್ನೆಲ್ಲ ಕೇಳಿದ ಹೈದರಾಬಾದಿನ ಕನ್ನಡಿಗ, “ನಮಗೆಲ್ಲಿಯ ಆಲ್ಪ್ಸ್?” ಎಂದರೆ ತಪ್ಪಲ್ಲ. ಆದರೆ ಕಣಿವೆಗೆ ಹಿಮವೇ ಬೇಕೆಂದಿಲ್ಲ, ನದಿಯೊಂದಿದ್ದರೆ ಸಾಕು. ನಮ್ಮ ಮನೆಯಂಗಳದಲ್ಲೇ ಮೂಸಿ ಇದೆ. ನಗರದ ಸೇತುವೆಗಳ ಕೆಳಗೆ ಮೂಗು ಮುಚ್ಚಿಕೊಂಡು ದಾಟುವ ಈ ನೀರಿಗೂ ಒಂದು ತವರುಂಟು. ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 240 ಕಿಲೋಮೀಟರ್ ಹರಿದು, ವಾಡಪಲ್ಲಿಯಲ್ಲಿ ಮೂಸಿ ಕೃಷ್ಣೆಯನ್ನು ಸೇರುತ್ತದೆ. ನಗರದಿಂದ ಆ ತವರಿಗೆ ಸುಮಾರು 80 ಕಿಲೋಮೀಟರ್. ಗುಲ್ಬರ್ಗಕ್ಕೋ ಬೀದರಿಗೋ ರೈಲಿನಲ್ಲಿ ಹೋಗುವ ನಮ್ಮವರಿಗೆ ವಿಕಾರಾಬಾದ್ ಜಂಕ್ಷನ್ ಹೊಸದಲ್ಲ. ವಾಡಿಯ ದಾರಿಯೂ ಬೀದರಿನ ದಾರಿಯೂ ಕವಲೊಡೆಯುವುದು ಅಲ್ಲಿಯೇ.

ಈ ಕಣಿವೆಯನ್ನು ನಮಗಿಂತ ಮೊದಲು ಚೆನ್ನಾಗಿ ಅಳೆದು ನೋಡಿದವರು ಒಬ್ಬ ಕನ್ನಡಿಗರೇ ಎಂಬುದನ್ನು ಇಲ್ಲಿ ನೆನೆಯಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಬಂದು ನಗರದಲ್ಲಿ ಸಾವಿರಾರು ಜನ ಕೊಚ್ಚಿಹೋದರು. ಈಗಿನ ಉಸ್ಮಾನಿಯ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನೇರಿ ನೂರಾರು ಮಂದಿ ಜೀವ ಉಳಿಸಿಕೊಂಡ ಕಥೆಯನ್ನು ಹಳಬರು ಹೇಳುತ್ತ ಬಂದಿದ್ದಾರೆ. ಮರುವರ್ಷ, 1909ರಲ್ಲಿ, ನಿಜಾಮ ಸರಕಾರದ ಕರೆಯ ಮೇಲೆ ಬಂದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರು ನೋಡಿದ್ದು ನಗರದ ಸೇತುವೆಗಳನ್ನಷ್ಟೇ ಅಲ್ಲ, ನೀರು ಬಂದ ದಾರಿಯನ್ನು. ಆ ಮಳೆಗೆ ಮೇಲಣ ಪ್ರದೇಶದಲ್ಲಿ 200ಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ನಗರದ ಮೇಲುಗಡೆಯೇ ನೀರನ್ನು ತಡೆದು ನಿಲ್ಲಿಸಬೇಕೆಂದು ಅವರು ಸೂಚಿಸಿದರು. ಅದರ ಫಲವೇ ಮೂಸಿಗೆ ಅಡ್ಡಲಾಗಿ 1920ರಲ್ಲಿ ಮುಗಿದ ಉಸ್ಮಾನ್ ಸಾಗರ, ಅಂದರೆ ನಮ್ಮ ಗಂಡಿಪೇಟೆ ಕೆರೆ, ಮತ್ತು ಅದರ ಉಪನದಿ ಈಸಿಗೆ 1927ರಲ್ಲಿ ಕಟ್ಟಿದ ಹಿಮಾಯತ್ ಸಾಗರ.

ಇನ್ನು ದಾರಿಯ ಮಾತು. ಹೊಸಬರು ಮೊದಲ ದಿನವೇ ಅನಂತಗಿರಿಗೆ ಹೊರಡಬಾರದು. ಅಂಬೆಗಾಲಿಟ್ಟ ಮೇಲಲ್ಲವೆ ನಡಿಗೆ? ಮೊದಲ ಕೆಲವು ಭಾನುವಾರ ಹೊರ ವರ್ತುಲ ರಸ್ತೆಯ ಪಕ್ಕದ ಸೈಕಲ್ ಪಥದಲ್ಲಿ ಅಭ್ಯಾಸ ಮಾಡಬಹುದು. 23 ಕಿಲೋಮೀಟರ್ ಉದ್ದದ ಈ ಪಥವನ್ನು 2023ರ ಅಕ್ಟೋಬರ್ 1ರಂದು ತೆರೆದರು. ಅದರ ಚಾವಣಿಯಲ್ಲಿ ಹಾಸಿದ ಸೌರ ಫಲಕಗಳು ವಿದ್ಯುತ್ತನ್ನೂ ಕೊಡುತ್ತವೆ, ತುಳಿಯುವವರಿಗೆ ನೆರಳನ್ನೂ ಕೊಡುತ್ತವೆ. ಕಾಲು ಪಳಗಿದ ಮೇಲೆ ಎರಡನೆಯ ಘಟ್ಟ ಗಂಡಿಪೇಟೆ. ಹೋಗಿ ಬರಲು ಒಂದು ಬೆಳಗು ಸಾಕು. ಹತ್ತು ಹನ್ನೆರಡು ವಯಸ್ಸಿನ ಮಕ್ಕಳನ್ನೂ ದೊಡ್ಡವರ ನಡುವೆ ಇಟ್ಟುಕೊಂಡು ಕರೆದೊಯ್ಯಬಹುದು.

ಮೂರನೆಯದೇ ಪೂರ್ಣ ಪ್ರಯಾಣ. ಮೊಯಿನಾಬಾದ್, ಚೇವೆಳ್ಳ, ಮನ್ನೆಗೂಡ; ಅಲ್ಲಿ ಬಲಕ್ಕೆ ತಿರುಗಿದರೆ ವಿಕಾರಾಬಾದ್, ಅದರಾಚೆ ಅನಂತಗಿರಿ. ಈ ರಸ್ತೆಗೆ ಬಿಜಾಪುರ ರಸ್ತೆಯೆಂದೇ ಹೆಸರು. ಕನ್ನಡ ನಾಡಿನಲ್ಲಿ ಸೈಕಲ್ ಪಟುಗಳ ತವರೆಂದು ಹೆಸರಾದ ಊರಿನ ಕಡೆಗೇ ನಾವು ಮುಖಮಾಡಿದ್ದೇವೆಂಬ ಹೆಮ್ಮೆ ತುಳಿಯುವವರಿಗೆ ಸ್ವಲ್ಪ ಬಲ ಕೊಡದಿರದು! ನಗರದ ಸುತ್ತಲಿನ ದುಂಡು ಬಂಡೆಗಳು ಹಿಂದೆ ಸರಿದಂತೆ ಎರೆಭೂಮಿ ಕಾಣಿಸಿಕೊಳ್ಳುತ್ತದೆ. ವಿಕಾರಾಬಾದಿನ ಹತ್ತಿರ ಬೀದರಿನ ನೆಲದಂಥ ಕೆಂಪು ಜಂಬಿಟ್ಟಿಗೆ ಮಣ್ಣು ಬರುತ್ತದೆ. ನಗರ ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ, ಮೂಸಿಯ ಉಗಮ ಸುಮಾರು 660 ಮೀಟರ್ ಎತ್ತರದಲ್ಲಿ. 1478 ಮೀಟರಿನ ನಂದಿಬೆಟ್ಟವನ್ನು ಕಂಡವರಿಗೆ ಇದು ಆಟದಂತೆ ತೋರೀತು. ಆದರೆ ದಾರಿಯುದ್ದಕ್ಕೂ ಬರುವ ಏರು ತಗ್ಗುಗಳು ಲೆಕ್ಕದ ಪುಸ್ತಕಕ್ಕೆ ಸಿಕ್ಕುವುದಿಲ್ಲ, ಮೊಣಕಾಲಿಗೆ ಮಾತ್ರ ಸಿಕ್ಕುತ್ತವೆ.

ಏರಿನಲ್ಲಿ ಗೆಲ್ಲುವುದು ತಾಳ್ಮೆಯೇ ಹೊರತು ತೋಳ್ಬಲವಲ್ಲ. ಏರು ಶುರುವಾಗುವ ಮೊದಲೇ ಗೇರು ಬದಲಿಸಿ, ಮುಂದೆ ಚಿಕ್ಕ ಹಲ್ಲುಚಕ್ರಕ್ಕೂ ಹಿಂದೆ ದೊಡ್ಡದಕ್ಕೂ ಸರಪಳಿ ತಂದುಕೊಂಡು, ಉಸಿರು ಕೆಡದಂತೆ ತುಳಿಯಬೇಕು. ಇಳಿಜಾರಿನಲ್ಲಿ ಮೈಭಾರವನ್ನು ಹಿಂದಕ್ಕೆ ಸರಿಸಿ ಎರಡು ಬ್ರೇಕನ್ನೂ ಮೆಲ್ಲಗೆ ಒತ್ತಬೇಕು. ಮುಂದಿನದೊಂದನ್ನೇ ಗಟ್ಟಿಯಾಗಿ ಹಿಡಿದವನು ಸೈಕಲ್ಲಿಗಿಂತ ಮೊದಲು ನೆಲ ಮುಟ್ಟುತ್ತಾನೆ. ಕಲ್ಲುದಾರಿಯಲ್ಲಿ ದಪ್ಪ ಟಯರಿನ ಗಾಳಿ ತುಸು ಕಡಮೆಯಿದ್ದರೆ ಹಿಡಿತ ಹೆಚ್ಚು. ಮಳೆ ಬಿದ್ದ ಮರುದಿನ ಎರೆಮಣ್ಣಿನ ದಾರಿಗೆ ಇಳಿಯಬೇಡಿ. ಮಣ್ಣು ಚಕ್ರಕ್ಕೆ ಅಂಟಿ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾದೀತು. ತಲೆಗೆ ಹೆಲ್ಮೆಟ್, ಒಂದು ಬದಲಿ ಟ್ಯೂಬು, ಪಂಪು, ಎರಡು ಬಾಟಲಿ ನೀರು ತಪ್ಪಬಾರದು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯದಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. 80 ಕಿಲೋಮೀಟರ್ ಆಗದವರು ಸೈಕಲ್ಲುಗಳನ್ನು ವಾಹನದಲ್ಲಿ ವಿಕಾರಾಬಾದಿಗೆ ಒಯ್ದು, ಅನಂತಗಿರಿಯ ರಸ್ತೆಯಲ್ಲಷ್ಟೇ ತುಳಿಯಬಹುದು. ಅಲ್ಲಿ ಅನಂತಪದ್ಮನಾಭಸ್ವಾಮಿಯ ಗುಡಿಯಿದೆ. ಸುತ್ತಲಿನದು ಕಾಯ್ದಿಟ್ಟ ಅರಣ್ಯ; ಅರಣ್ಯ ಇಲಾಖೆಯವರ ಅನುಮತಿಯಿಲ್ಲದೆ ಒಳದಾರಿಗೆ ನುಗ್ಗುವುದು ಸಲ್ಲದು.

ಇಷ್ಟು ಶ್ರಮಪಟ್ಟು ಹೋಗುವುದೇಕೆ, ಕಾರಿನಲ್ಲಿ ಎರಡು ಗಂಟೆಯಲ್ಲಿ ಹೋಗಬಹುದಲ್ಲ ಎಂದು ಮನೆಯಲ್ಲಿ ಯಾರಾದರೂ ಕೇಳಿಯಾರು. ಉತ್ತರವಿಷ್ಟೆ: ಕಾರಿನಲ್ಲಿ ಕುಳಿತವನಿಗೆ ನೆಲದ ಓಟ ತಿಳಿಯುವುದಿಲ್ಲ. ಸೈಕಲ್ ತುಳಿಯುವವನಿಗೆ ಯಾವ ಕಡೆ ಏರು, ಯಾವ ಕಡೆ ಇಳಿವು, ಬಿದ್ದ ಮಳೆ ಯಾವ ಹಳ್ಳಕ್ಕೆ ಸೇರುತ್ತದೆ ಎಂಬುದು ಕಾಲಿನಿಂದಲೇ ತಿಳಿಯುತ್ತದೆ. ಮೊಯಿನಾಬಾದಿನ ರಸ್ತೆಯಲ್ಲಿ ಬಲಕ್ಕೆ ಉಸ್ಮಾನ್ ಸಾಗರದ ನೆಲ, ಎಡಕ್ಕೆ ಹಿಮಾಯತ್ ಸಾಗರದ ನೆಲ. ನಡುವೆ ಎದ್ದಿರುವ ಗೋಡೆಗಳನ್ನು, ತುಂಬಿಸಿದ ಹಳ್ಳಗಳನ್ನು ನಿಧಾನವಾಗಿ ಹೋಗುವವನು ಕಾಣದೆ ಇರಲಾರ.

ಈ ನೆಲದ ಪ್ರಶ್ನೆ ಸುಲಭದ್ದಲ್ಲ. 1996ರಲ್ಲಿ ಸರಕಾರ ತನ್ನ 111ನೆಯ ಆಜ್ಞೆಯಿಂದ ಎರಡೂ ಕೆರೆಗಳ ಸುತ್ತ 10 ಕಿಲೋಮೀಟರಿನೊಳಗೆ, 84 ಗ್ರಾಮಗಳಲ್ಲಿ, ಮಲಿನಗೊಳಿಸುವ ಕೈಗಾರಿಕೆಗಳನ್ನೂ ದೊಡ್ಡ ಕಟ್ಟಡಗಳನ್ನೂ ತಡೆಯಿತು. ನಗರದ ನೀರಿಗಾಗಿ ನಮ್ಮ ಹೊಲಕ್ಕೆ ಬೆಲೆಯಿಲ್ಲದಂತಾಯಿತೆಂದು ಆ ಗ್ರಾಮಸ್ಥರು ದೂರಿದರು. ಆ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. 2022ರ ಏಪ್ರಿಲಿನಲ್ಲಿ 69ನೆಯ ಆಜ್ಞೆ ಆ ಕಟ್ಟನ್ನು ಸಡಿಲಿಸಿತು. ಅದೇ ರಸ್ತೆಯ ಇಕ್ಕೆಲದ ಸುಮಾರು 900 ಆಲದ ಮರಗಳಿಗೆ ರಸ್ತೆ ಅಗಲಿಸುವ ಯೋಜನೆಯಿಂದ ಕೊಡಲಿಯ ಭಯ ಬಂದಾಗ ನಾಗರಿಕರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೊರೆಹೊಕ್ಕರು. ಮಧ್ಯಾಹ್ನದ ಬಿಸಿಲಲ್ಲಿ ಅಂಥ ಒಂದು ಆಲದ ಕೆಳಗೆ ಸೈಕಲ್ ಒರಗಿಸಿ ನೀರು ಕುಡಿದವನಿಗೆ ಆ ವ್ಯಾಜ್ಯದ ಅರ್ಥವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಹೊಟ್ಟೆಪಾಡಿಗೆ ಈ ಊರಿಗೆ ಬಂದವರು ನಾವು. ಊರು ನಮಗೆ ಅನ್ನವನ್ನೂ ನೀರನ್ನೂ ಕೊಟ್ಟಿದೆ. ಆ ನೀರು ಎಲ್ಲಿಂದ ಇಳಿಯಿತೆಂದು ನಮ್ಮ ಮಕ್ಕಳು ಕಣ್ಣಾರೆ ಕಾಣಲಿ. ಈ ಚಳಿಗಾಲದಲ್ಲಿ ನಾಲ್ಕಾರು ಮನೆಯವರು ಕೂಡಿಕೊಂಡು, ಸೈಕಲ್ಲಿನ ಧೂಳು ಒರಸಿ, ಗಂಡಿಪೇಟೆಯವರೆಗಾದರೂ ಹೊರಡಿರಿ. ಅನಂತಗಿರಿ ಅಲ್ಲಿಂದ ಮುಂದಕ್ಕೆ, ತುಸು ಏರಿನಲ್ಲಿದೆ, ಅಷ್ಟೆ.