ಬೇಸಿಗೆಗೆ ಕಿಟಕಿ ತೊಟ್ಟಿಯ ಗಿಡ ಬದಲಾವಣೆ

ಎಕರೆಗಟ್ಟಲೆ ಉತ್ತು ಬಿತ್ತುವ ರೈತ ಬಾಂಧವರಿಗೆ ಎರಡು ಅಡಿ ಉದ್ದದ ಪೆಟ್ಟಿಗೆಯ ಬೇಸಾಯವನ್ನು ಹೇಳಹೊರಟರೆ ನಗು ಬರಬಹುದು. ಆದರೂ ಇದನ್ನು ಓದಬೇಕೆಂದು ಕೇಳಲು ಎರಡು ಕಾರಣಗಳುಂಟು. ಆನೇಕಲ್, ಕನಕಪುರ, ಬನ್ನೇರುಘಟ್ಟದ ಕಡೆಯ ಎಷ್ಟೋ ಬೇಸಾಯಗಾರರ ಮಕ್ಕಳು ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಸಂಸಾರ ಹೂಡಿದ್ದಾರೆ. ನೀವು ಅಲ್ಲಿಗೆ ಹೋದಾಗ ಒಣಗಿದ ಗಿಡ ತೋರಿಸಿ "ಇದಕ್ಕೇನು ಮಾಡೋಣ?" ಎಂದು ಕೇಳುವವರು ಅವರೇ. ಎರಡನೆಯದಾಗಿ, ಈ ಮನೆಗಳವರು ಪ್ರತಿವರ್ಷ ಸಸಿ ಕೊಳ್ಳುವವರು. ಚಳಿಗಾಲದ ಗಿಡವನ್ನು ಫೆಬ್ರವರಿಯಲ್ಲಿ ಕೊಂಡವನ ತೊಟ್ಟಿ ಏಪ್ರಿಲ್‌ಗೆ ಒಣಗುತ್ತದೆ. ಅವನು ತನ್ನ ಕೈಗುಣವೇ ಸರಿಯಿಲ್ಲವೆಂದು ತಿಳಿದು ಕೊಳ್ಳುವುದನ್ನೇ ಬಿಡುತ್ತಾನೆ. ನಷ್ಟವಾಗುವುದು ಸಸಿ ಬೆಳೆದವನಿಗೆ.

೧೯೪೮ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದ ಮೇಲೆ ಎದ್ದ ಮನೆಗಳಿಗೆ ಹಿಂದೆ ಮುಂದೆ ಕೈತೋಟಕ್ಕೆ ಜಾಗವಿತ್ತು. ತೆಂಗು, ಕರಿಬೇವು, ದಾಸವಾಳ, ಒಂದು ಮಡಿ ಸೊಪ್ಪು ಇವೆಲ್ಲ ಸಾಮಾನ್ಯವಾಗಿದ್ದವು. ಲಾಲ್‌ಬಾಗಿನ ಬೆನ್ನಿಗಿರುವ ಸಿದ್ದಾಪುರದ ಸಸ್ಯಕ್ಷೇತ್ರಗಳಿಂದ ಗಿಡಗಳು ಬರುತ್ತಿದ್ದವು. ಈಗ ಆ ನಿವೇಶನಗಳಲ್ಲಿ ಎಷ್ಟೋ ಕಡೆ ಮಹಡಿಯ ಮೇಲೆ ಮಹಡಿ ಎದ್ದಿದೆ. ಉಳಿದಿರುವ ಮಣ್ಣೆಂದರೆ ಕಿಟಕಿಯ ಹೊರಗಿನ ಸರಳಿನ ಚೌಕಟ್ಟಿನ ಮೇಲೆ ಅಥವಾ ಬಾಲ್ಕನಿಯ ಕಂಬಿಯ ಮೇಲೆ ಕೂರುವ ಉದ್ದನೆಯ ತೊಟ್ಟಿಯೊಳಗಿನದು.

ತೊಟ್ಟಿಯ ಲೆಕ್ಕ

ಹೊಲ ಎರಡು ವಾರದ ಬಿಸಿಲನ್ನು ತಡೆಯುತ್ತದೆ. ತೊಟ್ಟಿ ಎರಡು ದಿನ ತಡೆಯುವುದೂ ಕಷ್ಟ. ಏಕೆಂಬುದನ್ನು ಲೆಕ್ಕ ಹಾಕಿ ನೋಡಿ. ೬೦ ಸೆಂ.ಮೀ. ಉದ್ದ, ೨೦ ಸೆಂ.ಮೀ. ಅಗಲ, ೨೦ ಸೆಂ.ಮೀ. ಆಳದ ತೊಟ್ಟಿಯಲ್ಲಿ ನೀರು ನಿಲ್ಲಲು ಮೇಲೆ ೩ ಸೆಂ.ಮೀ. ಬಿಟ್ಟರೆ ಹಿಡಿಯುವುದು ೨೦ ಲೀಟರ್ ಮಣ್ಣು. ಅದರಲ್ಲಿ ಗಿಡಕ್ಕೆ ಒದಗುವ ನೀರು ಐದನೆಯ ಒಂದು ಭಾಗ, ಅಂದರೆ ೪ ಲೀಟರ್ ಎಂದುಕೊಳ್ಳಿ. ಬೇಸಿಗೆಯಲ್ಲಿ ದಿನಕ್ಕೆ ೭ ಮಿ.ಮೀ. ನೀರು ಆವಿಯಾಗುವುದೆಂದು ಹಿಡಿದರೆ ತೊಟ್ಟಿಯ ಬಾಯಿಯಷ್ಟು ಜಾಗದಿಂದಲೇ ಮುಕ್ಕಾಲು ಲೀಟರಿಗೂ ಹೆಚ್ಚು ಹೋಯಿತು. ಗಿಡ ಹರಡಿಕೊಂಡು ತೊಟ್ಟಿಯ ಎರಡರಷ್ಟು ಅಗಲವಾದರೆ ಒಂದೂವರೆ ಲೀಟರಿನ ಮೇಲೆ ಹೋಯಿತು. ಹಿಂದಿನ ಗೋಡೆ ಕಾದು ಕೊಡುವ ಶಾಖ ಬೇರೆ. ಮೂರನೆಯ ದಿನಕ್ಕೆ ಎಲೆ ಜೋತುಬೀಳುವುದು ಆಶ್ಚರ್ಯವಲ್ಲ. ಬೇರು ಇನ್ನೂ ಆಳಕ್ಕೆ ಹೋಗಿ ನೀರು ಹುಡುಕೋಣವೆಂದರೆ ಕೆಳಗೆ ಇರುವುದು ಬೀದಿ.

ಬೆಂಗಳೂರಿನ ಹವೆ ತಂಪು ಎಂಬ ಮಾತನ್ನು ನಂಬಿ ಕೂರುವಂತಿಲ್ಲ. ೨೦೧೬ರ ಏಪ್ರಿಲ್‌ನಲ್ಲಿ ಇಲ್ಲಿಯ ಉಷ್ಣಾಂಶ ೩೯.೨ ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ೨೦೨೪ರ ಬೇಸಿಗೆಯಲ್ಲಿ ನೀರಿನ ಅಭಾವ ಎಷ್ಟಿತ್ತೆಂದರೆ, ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಕೂಡದೆಂದು ಜಲಮಂಡಳಿ ಮಾರ್ಚ್‌ನಲ್ಲಿ ಆಜ್ಞೆ ಹೊರಡಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡವೆಂದು ಸಾರಿತು. ೨೦೨೫ರ ಫೆಬ್ರವರಿಯಲ್ಲಿಯೂ ಇಂಥದೇ ಆಜ್ಞೆ ಬಂದಿತು. ಆದುದರಿಂದ ಬೇಸಿಗೆಯ ತೊಟ್ಟಿಗೆ ಗಿಡ ಆರಿಸುವಾಗ ಹೂವಿನ ಬಣ್ಣಕ್ಕಿಂತ ಮೊದಲು ಅದು ಕುಡಿಯುವ ನೀರನ್ನು ನೋಡಬೇಕು.

ಬದಲಾಯಿಸುವ ಕಾಲ

ಪೆಟೂನಿಯ, ಪ್ಯಾನ್ಸಿ, ಫ್ಲಾಕ್ಸ್, ಡಯಾಂಥಸ್ ಮುಂತಾದುವು ಚಳಿಯಲ್ಲಿ ಸೊಗಸಾಗಿ ಹೂ ಬಿಡುತ್ತವೆ. ಗಣರಾಜ್ಯೋತ್ಸವದ ಕಾಲದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಅದೇ ಉತ್ಸಾಹದಲ್ಲಿ ಇವನ್ನು ಕೊಂಡು ನೆಡುತ್ತಾರೆ. ಮಾರ್ಚ್ ನಡುವಿಗೆ ಇವುಗಳ ಆಯುಸ್ಸು ಮುಗಿಯುತ್ತ ಬರುತ್ತದೆ. ಆಮೇಲೆ ಎಷ್ಟು ನೀರು ಹೊಯ್ದರೂ ಪ್ರಯೋಜನವಿಲ್ಲ. ತೊಟ್ಟಿ ಬದಲಾಯಿಸಲು ತಕ್ಕ ಕಾಲ ಶಿವರಾತ್ರಿಯ ಆಸುಪಾಸು. ಚಳಿ ಹಿಂತೆಗೆದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಆಗ ನೆಟ್ಟ ಸಸಿಗೆ ಏಪ್ರಿಲ್‌ಗೆ ಮುಂಚೆ ನಾಲ್ಕೈದು ವಾರ ಬೇರೂರಲು ಸಿಗುತ್ತದೆ. ಹೂವಿರುವ ಗಿಡ ಕೀಳಲು ಮನೆಯವರಿಗೆ ಮನಸ್ಸು ಬಾರದು. ಅರ್ಧ ತೊಟ್ಟಿ ಈಗ, ಉಳಿದರ್ಧ ಯುಗಾದಿಗೆ ಎಂದು ಒಪ್ಪಿಸಿದರೂ ಸಾಕು.

ಸೂರ್ಯನ ದಿಕ್ಕು ನೋಡಿ ಗಿಡ ಆರಿಸಿ

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ನರ್ಸರಿಯವರೂ ಇದನ್ನು ಹೇಳುವುದು ಅಪರೂಪ. ಬೆಂಗಳೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು ೧೩ ಡಿಗ್ರಿಯಲ್ಲಿದೆ. ಆದ್ದರಿಂದ ಏಪ್ರಿಲ್ ೨೪ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ೧೮ರ ಸುಮಾರಿನವರೆಗೆ ಅವನು ನಮಗೆ ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್, ಜನವರಿಯಲ್ಲಿ ದಿನವಿಡೀ ಬಿಸಿಲುಂಡ ದಕ್ಷಿಣದ ಕಿಟಕಿಗೆ ಏಪ್ರಿಲ್ ಕೊನೆಯ ಹೊತ್ತಿಗೆ ನೇರ ಬಿಸಿಲು ತಪ್ಪಿಹೋಗುತ್ತದೆ. ಮೇಲೆ ಸಜ್ಜಾ ಇದ್ದರೆ ಇನ್ನೂ ಮುಂಚೆಯೇ ತಪ್ಪುತ್ತದೆ. ಚಳಿಗಾಲದಲ್ಲಿ ಬಿಸಿಲನ್ನೇ ಕಾಣದಿದ್ದ ಉತ್ತರದ ಕಿಟಕಿಗೆ ಬೆಳಿಗ್ಗೆ ಸಂಜೆ ಬಿಸಿಲು ಬೀಳತೊಡಗುತ್ತದೆ. "ಹೋದ ತಿಂಗಳು ಇದೇ ಕಿಟಕಿಯಲ್ಲಿ ಹೂವಿತ್ತು, ಈಗ ಬರೀ ಎಲೆ" ಎಂಬ ದೂರಿಗೆ ಗೊಬ್ಬರ ಕಾರಣವಲ್ಲ.

ಪಶ್ಚಿಮದ ಕಿಟಕಿ ಎಲ್ಲಕ್ಕಿಂತ ಕಠಿಣ. ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ ಗೋಡೆಯೂ ಕಾಯುತ್ತದೆ, ತೊಟ್ಟಿಯೂ ಕಾಯುತ್ತದೆ. ಇಲ್ಲಿಗೆ ಟೇಬಲ್ ರೋಸ್ ಮೊದಲ ಆಯ್ಕೆ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಈ ಗಿಡ ಎರಡು ದಿನ ನೀರು ತಪ್ಪಿದರೂ ಸಾಯುವುದಿಲ್ಲ. ನಿತ್ಯಪುಷ್ಪ ಎರಡನೆಯದು. ನಮ್ಮ ಬೇಲಿಗಳಲ್ಲಿಯೂ ಸ್ಮಶಾನದ ಬದಿಯಲ್ಲಿಯೂ ಯಾರೂ ನೋಡಿಕೊಳ್ಳದೆ ಬೆಳೆಯುವ ಈ ಗಿಡ ತೊಟ್ಟಿಯಲ್ಲಿ ಸತ್ತರೆ ಬಹುಪಾಲು ಅತಿಯಾಗಿ ನೀರು ಹೊಯ್ದು ಬುಡ ಕೊಳೆತೇ ಸತ್ತಿರುತ್ತದೆ. ಇದರ ಎಲೆ ವಿಷ. ಮಗುವಿನ ಕೈಗೆ ಎಟುಕುವ ಕಡೆ ಇಡಬಾರದು. ಮೂರನೆಯದು ಗಾಂಫ್ರೀನ ಎಂಬ ಬಟನ್ ಹೂವು. ಬಿಡಿಸಿ ಇಟ್ಟರೂ ಬಣ್ಣ ಕೆಡದ ಈ ಹೂವನ್ನು ಮನೆಯವರು ದೇವರಿಗೂ ಏರಿಸಬಹುದು.

ಪೂರ್ವದ ಕಿಟಕಿ ಸುಲಭ. ಜಿನಿಯ, ಗಿಡ್ಡ ಜಾತಿಯ ಫ್ರೆಂಚ್ ಚೆಂಡುಹೂವು, ತುಳಸಿ, ಮೆಣಸಿನಗಿಡ ಎಲ್ಲವೂ ಬರುತ್ತವೆ. ಎತ್ತರದ ಆಫ್ರಿಕನ್ ಚೆಂಡುಹೂವನ್ನು ಮಾತ್ರ ತೊಟ್ಟಿಗೆ ಕೊಡಬೇಡಿ. ಗಾಳಿಗೆ ಬಾಗಿ ಮುರಿಯುತ್ತದೆ. ಬೇಸಿಗೆಯಲ್ಲಿ ನುಸಿ ಬಿದ್ದು ಎಲೆ ಬಿಳಿಚಿಕೊಳ್ಳುವುದೂ ಉಂಟು. ಉತ್ತರಕ್ಕೆ ಕನಕಾಂಬರ ಮತ್ತು ಕರ್ಣಕುಂಡಲ ಆಗಬಹುದು. ಕರ್ಣಕುಂಡಲ ನೀರುಬಾಕ ಗಿಡವೆಂಬುದನ್ನು ನೆನಪಿಡಿ. ಬಿಸಿಲು ತಪ್ಪಿದ ದಕ್ಷಿಣದ ಕಿಟಕಿಯಲ್ಲಿ ಹೂವಿನ ಆಸೆ ಬಿಟ್ಟು ಎಲೆಗಿಡಕ್ಕೆ ಇಳಿಯುವುದು ಮೇಲು. ಬಣ್ಣದ ಕೋಲಿಯಸ್, ಪುದೀನ, ದೊಡ್ಡಪತ್ರೆ ಇಲ್ಲಿಗೆ ಸರಿ. ನನ್ನನ್ನು ಕೇಳಿದರೆ ದೊಡ್ಡಪತ್ರೆಗೆ ಎಲ್ಲ ಕಿಟಕಿಯಲ್ಲೂ ಒಂದು ಮೂಲೆ ಕೊಡಬೇಕು. ನೀರು ಕಡಿಮೆ, ರೋಗ ಕಡಿಮೆ, ಬೇಸಿಗೆಯಲ್ಲಿ ತಂಬುಳಿಗೂ ಆಯಿತು.

ಹಳೆಯ ಮಣ್ಣನ್ನು ಏನು ಮಾಡಬೇಕು?

ಮುಗಿದ ಗಿಡವನ್ನು ಬೇರು ಸಹಿತ ಎತ್ತಿ ಬೇರನ್ನು ಪರೀಕ್ಷಿಸಿ. ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳುವಿನ ಕೆಲಸ. ಟೊಮ್ಯಾಟೊ ಬೆಳೆಯುವವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ. ಅಂಥ ಮಣ್ಣನ್ನು ಮತ್ತೆ ತುಂಬಬಾರದು. ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ, ತಾರಸಿಯ ಮೇಲೆ ತೆಳುವಾಗಿ ಹರಡಿ ಆರು ವಾರ ಬಿಸಿಲಿಗೆ ಬಿಡಬೇಕು. ಏಪ್ರಿಲ್‌ನ ಬಿಸಿಲಿನಿಂದ ಆಗುವ ಉಪಕಾರ ಇದೊಂದು.

ಬೇರು ಶುದ್ಧವಾಗಿದ್ದರೆ ಎಲ್ಲವನ್ನೂ ಎಸೆಯಬೇಕಾಗಿಲ್ಲ. ಮೂರರಲ್ಲಿ ಒಂದು ಭಾಗ ಹಳೆಯ ಮಣ್ಣು ತೆಗೆದು, ಅಷ್ಟೇ ಪ್ರಮಾಣದ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿರಿ. ಹೊಸದಾಗಿ ತುಂಬುವುದಾದರೆ ಕೆಮ್ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಎರಡು ಪಾಲು. ನಾರಿನ ಪುಡಿಯಲ್ಲಿ ಉಪ್ಪಿನಂಶವಿರುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದು ಹಿಂಡದೆ ಬಳಸಬಾರದು. ಬರೀ ಕೆಮ್ಮಣ್ಣು ಬೇಡವೆನ್ನಲು ಇನ್ನೊಂದು ಕಾರಣ ತೂಕ. ನೀರುಂಡ ೨೦ ಲೀಟರ್ ಮಣ್ಣು ೩೦ ಕಿಲೋ ಮೀರುತ್ತದೆ. ಮೂರನೆಯ ಮಹಡಿಯಿಂದ ಅದು ಬಿದ್ದರೆ ಕೆಳಗಿನವರ ಗತಿಯೇನು? ತೊಟ್ಟಿ ಬರಿದಾಗಿರುವಾಗಲೇ ಅದನ್ನು ಹೊತ್ತ ಕಬ್ಬಿಣದ ಕೊಕ್ಕೆ, ತುಕ್ಕು, ಗೋಡೆಯ ಮೊಳೆ ನೋಡಿ, ತಂತಿಯಿಂದ ಸರಳಿಗೆ ಬಿಗಿಯಬೇಕು.

ತೊಟ್ಟಿಯ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದ್ದರೆ ಅದು ಕೊಳವೆಬಾವಿಯ ಗಡಸು ನೀರು ಬಿಟ್ಟ ಉಪ್ಪು. ನೆಡುವುದಕ್ಕೆ ಮೊದಲು ಒಮ್ಮೆ ತಳದ ತೂತಿನಿಂದ ಧಾರಾಳವಾಗಿ ಹರಿಯುವಂತೆ ನೀರು ಹಾಯಿಸಿ ತೊಳೆಯಿರಿ.

ನೀರು ಮತ್ತು ಹೊದಿಕೆ

ಅಕ್ಕಚ್ಚು, ಬೇಳೆ ಸೊಪ್ಪು ತರಕಾರಿ ತೊಳೆದ ನೀರು ಒಂದು ಮನೆಯಲ್ಲಿ ದಿನಕ್ಕೆ ನಾಲ್ಕಾರು ಲೀಟರ್ ಸುಲಭವಾಗಿ ಸಿಗುತ್ತದೆ. ಎರಡು ಮೂರು ತೊಟ್ಟಿಗೆ ಅದು ಸಾಕು, ನಲ್ಲಿಯ ನೀರು ಬೇಕಿಲ್ಲ. ಉಪ್ಪು ಹಾಕಿದ ನೀರು, ಪಾತ್ರೆಯ ಸೋಪಿನ ನೀರು ಬೇಡ. ನೀರು ಶುದ್ಧಮಾಡುವ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ಅದನ್ನು ಒಂದಕ್ಕೆರಡು ಪಾಲು ಬೇರೆ ನೀರು ಸೇರಿಸಿ, ಎಂದಾದರೊಮ್ಮೆ ಮಾತ್ರ ಕೊಡಬಹುದು. ಬೆಳಿಗ್ಗೆ ಏಳರೊಳಗೆ ನೀರು ಕೊಡುವುದು ವಾಸಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಒತ್ತಿ, ತೇವ ತಗುಲಿದರೆ ಅಂದು ನೀರು ಬೇಡ.

ಮಣ್ಣಿನ ಮೇಲೆ ಹೊದಿಕೆ ಇಲ್ಲದ ತೊಟ್ಟಿ ಮುಚ್ಚಳವಿಲ್ಲದ ಪಾತ್ರೆ ಇದ್ದಂತೆ. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಈ ಕಡೆಯ ಮನೆಮನೆಗೆ ಸೇರುಗಟ್ಟಲೆ ಕಾಯಿ ಬರುತ್ತದೆ. ಅದರ ಸಿಪ್ಪೆಯನ್ನು ಕಸಕ್ಕೆ ಹಾಕದೆ ಒಣಗಿಸಿ ಇಟ್ಟುಕೊಂಡರೆ ಫೆಬ್ರವರಿಗೆ ಎರಡು ಬೆರಳು ದಪ್ಪದ ಒಳ್ಳೆಯ ಹೊದಿಕೆಯಾಗುತ್ತದೆ. ಉಪ್ಪು ಹಾಕಿ ಬೇಯಿಸಿದ ಕಾಯಿಯ ಸಿಪ್ಪೆ ಮಾತ್ರ ಆಗದು.

ಮೇಲುಗೊಬ್ಬರವಾಗಿ ಹದಿನೈದು ದಿನಕ್ಕೊಮ್ಮೆ ೧೯:೧೯:೧೯ ಗೊಬ್ಬರವನ್ನು ಲೀಟರಿಗೆ ೨ ಗ್ರಾಂ ಕರಗಿಸಿ ಒದ್ದೆ ಮಣ್ಣಿಗೆ ಕೊಡಬಹುದು. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಇದಕ್ಕಿಂತ ಮೇಲು. ಆದರೆ ಆ ವಾಸನೆಯನ್ನು ಕಿಟಕಿಯ ಒಳಗಿನವರು ಮೂರು ದಿನ ಸಹಿಸಬೇಕು. ಹಿಟ್ಟು ತಿಗಣೆ, ನುಸಿ ಕಂಡರೆ ಲೀಟರಿಗೆ ೫ ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಡನೆ ಕಲಸಿ ಸಂಜೆ ಎಲೆಯ ತಳಭಾಗಕ್ಕೆ ಸಿಂಪಡಿಸಬೇಕು.

ಸಸಿ ಬೆಳೆಯುವವರಿಗೆ

ಮೇಲೆ ಹೇಳಿದ ಗಿಡಗಳು ಶಿವರಾತ್ರಿಗೆ ಮಾರಾಟಕ್ಕೆ ಸಿದ್ಧವಿರಬೇಕಾದರೆ ಹಿಂದಿನಿಂದ ದಿನ ಎಣಿಸಬೇಕು. ನಿತ್ಯಪುಷ್ಪ ನಿಧಾನದ ಗಿಡ. ಬೀಜವನ್ನು ಡಿಸೆಂಬರ್ ಮೊದಲ ಭಾಗದಲ್ಲಿಯೇ ಹಾಕಿ, ಮೊಳೆಯುವವರೆಗೆ ಬೆಳಕು ತಾಗದಂತೆ ಮುಚ್ಚಿಡಬೇಕು. ಗಾಂಫ್ರೀನದ ಬೀಜಕ್ಕೆ ಹತ್ತಿಯಂಥ ಹೊದಿಕೆಯಿದೆ. ಒಂದು ರಾತ್ರಿ ನೆನೆಸಿ ಸಂಕ್ರಾಂತಿಗೆ ಒಂದು ವಾರ ಮುಂಚೆ ಬಿತ್ತಬಹುದು. ಜಿನಿಯ ಮತ್ತು ಫ್ರೆಂಚ್ ಚೆಂಡುಹೂವನ್ನು ಸಂಕ್ರಾಂತಿಯ ನಂತರ ಹಾಕಿದರೂ ನಾಲ್ಕೈದು ವಾರದಲ್ಲಿ ಸಸಿ ಸಿದ್ಧ. ಟೇಬಲ್ ರೋಸಿಗೆ ಬೀಜವೇ ಬೇಡ. ಬೆರಳುದ್ದದ ತುಂಡನ್ನು ಜನವರಿ ಕೊನೆಯಲ್ಲಿ ಚುಚ್ಚಿದರೆ ಸಾಕು. ಎಲ್ಲವನ್ನೂ ಒಂದೇ ದಿನ ಬಿತ್ತದೆ ಹತ್ತು ದಿನದ ಅಂತರದಲ್ಲಿ ಮೂರು ಸಲ ಬಿತ್ತಿದರೆ ಯುಗಾದಿಯ ಗಿರಾಕಿಗೂ ಎಳೆಯ ಸಸಿ ಒದಗುತ್ತದೆ.

ನೆರಳು ಬಲೆಯ ಕೆಳಗಿಂದ ನೇರವಾಗಿ ತಂದ ಸಸಿ ಪಶ್ಚಿಮದ ಕಿಟಕಿಯಲ್ಲಿ ಒಂದೇ ಮಧ್ಯಾಹ್ನಕ್ಕೆ ಸುಟ್ಟುಹೋಗುತ್ತದೆ. ಮಾರುವ ಮೊದಲು ಎಂಟು ಹತ್ತು ದಿನ ಬಲೆ ಸರಿಸಿ, ನೀರು ಕಡಿಮೆ ಮಾಡಿ ಗಟ್ಟಿಮಾಡಿರಿ. ಗಿರಾಕಿ ಹೂ ಅರಳಿದ ಗಿಡವನ್ನೇ ಕೇಳುತ್ತಾನೆ, ನಿಜ. ಮೊಗ್ಗಿನ ಗಿಡ ಕೊಟ್ಟು ಕಾರಣ ಹೇಳಿ. ಅವನ ಕಿಟಕಿ ಯಾವ ದಿಕ್ಕಿಗಿದೆ, ಸಜ್ಜಾ ಇದೆಯೇ ಎಂದು ಕೇಳಿದ ಮೇಲೆಯೇ ಗಿಡ ಕೈಗೆ ಕೊಡಿ. ಎರಡು ಅಡಿ ತೊಟ್ಟಿಗೆ ಐದಾರು ಸಸಿ ಸಾಕು. ಹತ್ತು ಕೇಳಿದರೂ ಆರಕ್ಕೇ ನಿಲ್ಲಿಸುವುದು ವ್ಯಾಪಾರಕ್ಕೆ ಕಷ್ಟವಾದರೂ ಕಿಕ್ಕಿರಿದ ತೊಟ್ಟಿ ಮೇ ತಿಂಗಳು ಕಾಣುವುದಿಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಒಂದೇ ಗಂಟೆಯಲ್ಲಿ ತೊಟ್ಟಿಯನ್ನು ಕೆರೆಯಾಗಿಸಬಲ್ಲುದು. ಅದಕ್ಕೆ ಮುಂಚೆ ತಳದ ತೂತುಗಳಿಗೆ ಕಡ್ಡಿ ಹಾಕಿ ಮಣ್ಣು ಬಿಡಿಸಿರಬೇಕು, ಕೆಳಮನೆಯವರ ಬಟ್ಟೆಯ ಮೇಲೆ ಕೆಸರು ನೀರು ಇಳಿಯದಂತೆ ಒಂದು ತಟ್ಟೆಯನ್ನೂ ಇಟ್ಟಿರಬೇಕು. ಜೂನ್ ಮೊದಲ ಮಳೆ ಬಿದ್ದೊಡನೆ ಆ ತಟ್ಟೆಯಲ್ಲಿ ನಿಂತ ನೀರನ್ನು ದಿನವೂ ಚೆಲ್ಲಿ, ಸೊಳ್ಳೆ ಮರಿಮಾಡುವುದು ಅಲ್ಲಿಯೇ. ಬಲಿತ ಜಿನಿಯ ಮತ್ತು ಗಾಂಫ್ರೀನ ಹೂಗಳನ್ನು ಗಿಡದಲ್ಲೇ ಒಣಗಲು ಬಿಟ್ಟು, ಮಳೆ ಹಿಡಿಯುವ ಮುನ್ನ ಬಿಡಿಸಿ ಕಾಗದದ ಪೊಟ್ಟಣದಲ್ಲಿ ಹೆಸರು ಬರೆದು ತೆಗೆದಿಡಿ.