ದೇವದಾರುಗಳ ಮರ್ಜಿಗೆ ಬಿಟ್ಟ ಆಟ

ಶಿಮ್ಲಾದ ಮಾಲ್ ರಸ್ತೆಯ ಜನಜಂಗುಳಿ ಸಾಕೆನಿಸಿದರೆ, ಢಲ್ಲಿ, ಮಶೋಬ್ರಾ ದಾಟಿ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ತತ್ತಾಪಾನಿಯ ಕಡೆ ಹೋಗುವ ರಸ್ತೆ ಹಿಡಿಯಬೇಕು. ಸುಮಾರು 22 ಕಿಲೋಮೀಟರಿಗೆ ನಾಲ್ದೇಹ್ರಾ ಸಿಗುತ್ತದೆ. ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ, ದೇವದಾರು ಕಾಡಿನ ನಡುವೆ, ದೇಶದ ಹಳೆಯ ಗಾಲ್ಫ್ ಮೈದಾನಗಳಲ್ಲಿ ಒಂದಿದೆ. ಮೈದಾನ ಅನ್ನುವುದು ರೂಢಿಯ ಮಾತು ಅಷ್ಟೆ; ಸಮತಟ್ಟಾದ ನೆಲವನ್ನು ಇಲ್ಲಿ ಹುಡುಕಬೇಕು.

ಇದು ವೈಸ್‌ರಾಯ್ ಲಾರ್ಡ್ ಕರ್ಜನ್ ಮೆಚ್ಚಿದ ಜಾಗ. ಆಗಿನ ಬೇಸಿಗೆ ರಾಜಧಾನಿ ಶಿಮ್ಲಾದ ಪಾರ್ಟಿ, ಹರಟೆ, ಗಾಸಿಪ್ಪು ಆತನಿಗೆ ಹಿಡಿಸುತ್ತಿರಲಿಲ್ಲ. ಅರಮನೆಯಂಥ ವೈಸ್‌ರೀಗಲ್ ಲಾಡ್ಜ್ ಬಿಟ್ಟು ಇಲ್ಲಿ ಬಂದು ಡೇರೆ ಹಾಕುತ್ತಿದ್ದ, ಕಡತಗಳನ್ನೂ ಹೊತ್ತುಕೊಂಡೇ. 1904ರಲ್ಲಿ ಹುಟ್ಟಿದ ಮೂರನೇ ಮಗಳಿಗೆ ಅಲೆಕ್ಸಾಂಡ್ರಾ ನಾಲ್ದೇರಾ ಎಂದೇ ಹೆಸರಿಟ್ಟ. ಬಂಗಾಳವನ್ನು ಒಡೆದು ನಮ್ಮ ಇತಿಹಾಸದಲ್ಲಿ ಕೆಟ್ಟ ಹೆಸರು ಪಡೆದವನಿಗೂ ಒಳ್ಳೆಯ ಜಾಗ ಗುರುತಿಸುವ ಕಣ್ಣಿತ್ತು, ಒಪ್ಪಲೇಬೇಕು.

ಇಲ್ಲಿ ಗ್ರೀನ್‌ಗಳು, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸುಗಳು, ಒಂಬತ್ತೇ. ಟೀ ಬದಲಿಸಿಕೊಂಡು, ಅಂದರೆ ಹೊಡೆತ ಶುರುಮಾಡುವ ಜಾಗ ಬೇರೆ ಮಾಡಿಕೊಂಡು, ಅವುಗಳಲ್ಲೇ 18 ಹೋಲ್‌ಗಳ ಆಟ ಮುಗಿಸುತ್ತಾರೆ; ಪಾರ್, ಅಂದರೆ ನುರಿತ ಆಟಗಾರನಿಗೆ ನಿಗದಿಯಾದ ಹೊಡೆತಗಳ ಲೆಕ್ಕ, 68. ಬೆಟ್ಟ ಕೊಟ್ಟ ಜಾಗದಲ್ಲಿ ಅಷ್ಟೇ ಹಿಡಿಸಿದ್ದು. ಅಂತರದ ಲೆಕ್ಕ ನೋಡಿ ಸುಲಭ ಅಂದುಕೊಂಡವರಿಗೆ ಮೊದಲ ಇಳಿಜಾರಿನಲ್ಲೇ ಬಿಸಿ ಮುಟ್ಟುತ್ತದೆ. ಚೆಂಡು ಪಾದಕ್ಕಿಂತ ಮೇಲಿದ್ದರೆ ಬಲಗೈ ಆಟಗಾರನ ಹೊಡೆತ ಎಡಕ್ಕೆ ಎಳೆಯುತ್ತದೆ, ಕೆಳಗಿದ್ದರೆ ಬಲಕ್ಕೆ. ಗಾಳಿ ತೆಳುವಾದ್ದರಿಂದ ಚೆಂಡು ಬಯಲುಸೀಮೆಗಿಂತ ದೂರ ಹಾರುತ್ತದೆ. ನೆಲಕ್ಕೆ ಬಿದ್ದ ಮೇಲೆ ಅದು ನಿಲ್ಲುವುದೋ ಉರುಳುವುದೋ ಇಳಿಜಾರಿಗೇ ಗೊತ್ತು. ಗುರಿ ತಪ್ಪಿತೋ, ದೇವದಾರುವಿನ ಕಾಂಡಕ್ಕೆ ಟಕ್ ಎಂದು ಬಡಿದು ಬೇರೆಲ್ಲೋ ಪುಟಿಯುತ್ತದೆ. ಒಣಗಿ ಉದುರಿದ ಸೂಜಿ ಎಲೆಗಳ ಹಾಸಿನಲ್ಲಿ ಅದನ್ನು ಹುಡುಕಲು ಆಟಗಾರನ ಚೀಲ ಹೊರುವ ಕ್ಯಾಡಿಯ ಕಣ್ಣೇ ಬೇಕು. ತೋಳ್ಬಲ ನೆಚ್ಚಿ ಬಂದವರಿಗಿಂತ ನೆಲದ ಓಟ ಓದಬಲ್ಲವರಿಗೆ ಇಲ್ಲಿ ಹೆಚ್ಚು ಸುಖ.

ಮೈದಾನದ ನಡುವೆಯೇ ಮಾಹೂನಾಗ ದೇವರ ಗುಡಿಯಿದೆ. ಕ್ಲಬ್ ಹಿಡಿದವರೂ ಹರಕೆ ಹೊತ್ತವರೂ ಓಡಾಡುವುದು ಒಂದೇ ಹುಲ್ಲಿನ ಮೇಲೆ. ಇಂಗ್ಲಿಷರ ಆಟ ಬಂದದ್ದರಿಂದ ನಾಗಪ್ಪನಿಗೇನೂ ಜಾಗ ಬದಲಿಸಬೇಕಾಗಲಿಲ್ಲ.

ಚಳಿಗಾಲದಲ್ಲಿ ಹಿಮ ಬಿದ್ದರೆ ಆಟ ಬಂದ್. ಹಾಗಾಗಿ ಆಡುವ ಮನಸ್ಸಿದ್ದವರು ಏಪ್ರಿಲ್‌ನಿಂದ ಜೂನ್, ಇಲ್ಲವೇ ಮಳೆ ಹಿಂದೆ ಸರಿದ ಅಕ್ಟೋಬರ್ ಆರಿಸಿಕೊಳ್ಳುವುದು ಮೇಲು. ಉಳಿಯಲು ರಾಜ್ಯ ಪ್ರವಾಸೋದ್ಯಮ ನಿಗಮದ ಹೋಟೆಲ್ ಪಕ್ಕದಲ್ಲೇ ಇದೆ. ಗಾಲ್ಫ್ ಗೊತ್ತಿಲ್ಲದವರಿಗೆ ಕುದುರೆ ಸವಾರಿಯುಂಟು. ದರವನ್ನು ಮಾತ್ರ ಹತ್ತುವ ಮೊದಲೇ ಮಾತಾಡಿಕೊಳ್ಳಿ.