ನಿಮಗಿದು ಗೊತ್ತೆ? ಎಲ್ಲ ಕಫಕ್ಕೂ ಮಳೆ ಕಾರಣವಲ್ಲ
ಗಣೇಶಗುಡಿಯಂಥ ಮಳೆಯೂರಿನಲ್ಲಿ ಮಗುವಿನ ಕೆಮ್ಮನ್ನು ಹವೆಯ ತಲೆಗೆ ಕಟ್ಟುವುದು ಸುಲಭ. ಆದರೆ ಆರು ತಿಂಗಳು ದಾಟಿದ ಗಂಡುಮಗುವಿಗೆ ನ್ಯುಮೋನಿಯಾ, ಕಿವಿಸೋರು ಮರಳಿ ಮರಳಿ ಬಂದರೆ, ಟಾನ್ಸಿಲ್ ಕಾಣದಷ್ಟು ಚಿಕ್ಕದಿದ್ದರೆ ಬ್ರೂಟನ್ ಕಾಯಿಲೆಯನ್ನೂ ಶಂಕಿಸಬೇಕು. 1952ರಲ್ಲಿ ಅಮೆರಿಕದ ವೈದ್ಯ ಆಗ್ಡೆನ್ ಬ್ರೂಟನ್ ವರದಿ ಮಾಡಿದ ಈ ದೋಷದಲ್ಲಿ ಪ್ರತಿಕಾಯಗಳೇ ತಯಾರಾಗುವುದಿಲ್ಲ. ತಾಯಿಯಿಂದ ಬಂದವು ಮುಗಿಯುವವರೆಗೆ ಮಗು ಚೆನ್ನಾಗಿಯೇ ಇರುತ್ತದೆ. ದೋಷವಿರುವುದು ಗಂಡುಮಗುವಿಗೆ ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿ. ಹಾಗಾಗಿ ತಾಯಿಯ ಅಣ್ಣತಮ್ಮಂದಿರು ಎಳವೆಯಲ್ಲೇ ಸೋಂಕಿನಿಂದ ತೀರಿಕೊಂಡಿದ್ದರೆ ಅದೂ ಸುಳಿವು. ಲಕ್ಷಕ್ಕೊಬ್ಬರಿಗೂ ಬಾರದ ರೋಗಕ್ಕೆ ಇಷ್ಟು ತಲೆಬಿಸಿಯೇಕೆ ಎನ್ನಬಹುದು. ಎಲ್ಲ ಕೆಮ್ಮಿಗೂ ಬೇಡ, ನಿಜ. ಆದರೆ ರಕ್ತದ ಇಮ್ಯುನೊಗ್ಲಾಬ್ಯುಲಿನ್ (ಪ್ರತಿಕಾಯ) ಪರೀಕ್ಷೆ ಸರಳ. ಮೂರು-ನಾಲ್ಕು ವಾರಕ್ಕೊಮ್ಮೆ ಪ್ರತಿಕಾಯ ಕೊಡುತ್ತಿದ್ದರೆ ಮಗು ಶಾಲೆಗೆ ಹೋಗಬಲ್ಲದು. ತಡಮಾಡಿದರೆ ಶ್ವಾಸಕೋಶಕ್ಕಾದ ಹಾನಿ ಸರಿಹೋಗದು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇಂಥ ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಗುರುತಿಸಿರುವ ಆಸ್ಪತ್ರೆ.